ಒಂದು ಪೌಂಡು ಧಾನ್ಯದ ಲೆಕ್ಕ

1876ರ ಧಾತು ಸಂವತ್ಸರದಲ್ಲಿ ಬಳ್ಳಾರಿ ಸೀಮೆಗೆ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮರುವರ್ಷ, ಈಶ್ವರ ಸಂವತ್ಸರದಲ್ಲೂ ಬವಣೆ ತಪ್ಪಲಿಲ್ಲ. ‘ಧಾತು ಈಶ್ವರ ಬರ’ ಎಂದು ಜನರ ಬಾಯಲ್ಲಿ ಉಳಿದ ಆ ಕ್ಷಾಮದ ಭೀಕರತೆಯನ್ನು ಜನಗಣತಿಯ ಎರಡು ಅಂಕಿಗಳೇ ಹೇಳುತ್ತವೆ. 1882ರಲ್ಲಿ ಅನಂತಪುರ ಬೇರೆಯಾದ ನಂತರದ ಬಳ್ಳಾರಿ ಜಿಲ್ಲೆಯ ಎಲ್ಲೆಯನ್ನು ಲೆಕ್ಕಕ್ಕೆ ಹಿಡಿದರೆ, 1871ರಲ್ಲಿ ಅಲ್ಲಿದ್ದ ಜನ 9 ಲಕ್ಷ 11 ಸಾವಿರ. 1881ರಲ್ಲಿ ಉಳಿದವರು 7 ಲಕ್ಷ 26 ಸಾವಿರ. ಐವರಲ್ಲಿ ಒಬ್ಬರು ಲೆಕ್ಕದಿಂದ ಮಾಯವಾಗಿದ್ದರು. ಸತ್ತವರು, ಗುಳೆ ಹೋದವರು, ಹುಟ್ಟಬೇಕಾಗಿದ್ದು ಹುಟ್ಟದೇ ಹೋದವರು ಎಲ್ಲರೂ ಈ ಕೊರತೆಯಲ್ಲಿ ಸೇರಿದ್ದಾರೆ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಕೊಟ್ಟೂರು ಕೂಡ್ಲಿಗಿಗೆ ಸೇರಿತ್ತು. ಹಗರಿಬೊಮ್ಮನಹಳ್ಳಿ ತಾಲ್ಲೂಕು ರೂಪುಗೊಂಡಿದ್ದು ಬಹಳ ಕಾಲದ ನಂತರ. ಬಳ್ಳಾರಿ ಪಟ್ಟಣದವರೆಗೆ ಮದ್ರಾಸಿನ ರೈಲು ಬಂದಿತ್ತು. ಅಲ್ಲಿಂದ ಪಶ್ಚಿಮಕ್ಕೆ ಧಾನ್ಯ ಸಾಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಬೀಳತೊಡಗಿದ ಮೇಲೆ ಆ ದಾರಿಯೂ ದುರ್ಗಮವಾಯಿತು.

ಇಷ್ಟೆಲ್ಲ ಆಗಿದ್ದು ಮಳೆಯಿಂದ ಮಾತ್ರವೇ? ಮಳೆಯ ಜೊತೆಗೆ ಇನ್ನೊಂದು ಸಂಗತಿಯೂ ಸೇರಿತ್ತು. ಅದು ಸರ್ಕಾರದ ಖರ್ಚಿಗೆ ಬಿದ್ದ ಕತ್ತರಿ.

ಕೂಲಿಗೆ ಬಿದ್ದ ಕತ್ತರಿ

ಮದ್ರಾಸಿನ ಗವರ್ನರ್ ಆಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಆರಂಭದಲ್ಲಿ ಪರಿಹಾರ ಕಾಮಗಾರಿಗಳನ್ನು ವಿಸ್ತಾರವಾಗಿಯೇ ತೆರೆಯಿಸಿದರು. ಸರ್ಕಾರ ತಾನೇ ಧಾನ್ಯವನ್ನೂ ಕೊಂಡಿತು. ವೈಸ್‌ರಾಯ್ ಲಿಟ್ಟನ್ ಅವರಿಗೆ ಇದು ಹಿಡಿಸಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ಭಾರಿ ದರ್ಬಾರು ನಡೆದು ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂಬ ಘೋಷಣೆಯಾಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಕ್ಷಾಮ ಪ್ರದೇಶಗಳ ವಿಶೇಷ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಹೊರಟರು. ಖರ್ಚು ಹಿಡಿತಕ್ಕೆ ತರುವುದು ಅವರಿಗೆ ವಹಿಸಿದ ಮುಖ್ಯ ಕೆಲಸ.

ಟೆಂಪಲ್ ಅವರ ಹಿನ್ನೆಲೆ ಗಮನಿಸಬೇಕಾದದ್ದು. 1873–74ರಲ್ಲಿ ಬಿಹಾರದಲ್ಲಿ ಬೆಳೆ ಹೋದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿಸಿದ್ದರು. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಆದರೆ ಅದಕ್ಕೆ ಅವರಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರ ಎಂಬ ಬಿರುದು. ಮೂರು ವರ್ಷಗಳ ನಂತರ ದಕ್ಷಿಣಕ್ಕೆ ಬಂದಾಗ ಅವರು ಆ ಪಾಠವನ್ನು ಚೆನ್ನಾಗಿಯೇ ಕಲಿತಿದ್ದರು.

ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಅವರು ಒಂದು ಪೌಂಡು ಧಾನ್ಯ ಮತ್ತು ಉಪ್ಪು-ಹುಳಿಗೆಂದು ಕೊಂಚ ಚಿಲ್ಲರೆಗೆ ಇಳಿಸಿದರು. ಹೆಂಗಸರಿಗೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಇಂದಿನ ಲೆಕ್ಕದಲ್ಲಿ ಸುಮಾರು 1,600 ಕ್ಯಾಲೊರಿ. ಬಿಸಿಲಲ್ಲಿ ಮಣ್ಣು ಅಗೆದು ಕಲ್ಲು ಒಡೆಯುವ ಆಳಿಗೆ ಇದು ಸಾಲದು. ಚರಿತ್ರೆಯಲ್ಲಿ ‘ಟೆಂಪಲ್ ಕೂಲಿ’ ಎಂದು ಹೆಸರಾದದ್ದು ಇದೇ. ಬರಗಾಲದಲ್ಲಿ ಅಧಿಕ ಮಾಸ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಇದನ್ನು ನೇರವಾಗಿ ವಿರೋಧಿಸಿದರು. ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಅದರ ಜೊತೆಗೆ ಬೇಳೆ, ತರಕಾರಿ ಬೇಕು ಎಂಬುದು ಅವರ ವಾದ. ಮೊದಲೇ ಸೊರಗಿದ ದೇಹ ಕಡಿಮೆ ಉಂಡು ಹೆಚ್ಚು ದುಡಿದರೆ ತನ್ನನ್ನೇ ತಿಂದುಕೊಳ್ಳುತ್ತದೆ ಎಂಬುದು ವೈದ್ಯರಿಗೆ ಗೊತ್ತಿದ್ದ ಸಂಗತಿ. ಮುಂಬಯಿ ಪ್ರಾಂತ್ಯದಲ್ಲಿ ಕಾರ್ಮಿಕರು ಕೂಲಿ ಕಡಿತದ ವಿರುದ್ಧ ಕಾಮಗಾರಿಗಳನ್ನೇ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ನಿಂತಿತು. ಅದೇ ವರ್ಷ ಮದ್ರಾಸ್ ಸರ್ಕಾರ ಕೂಲಿಯನ್ನು ಒಂದೂಕಾಲು ಪೌಂಡಿಗೆ ಏರಿಸಿ, ಸ್ವಲ್ಪ ಬೇಳೆಯನ್ನೂ ಸೇರಿಸಿತು. ಅಷ್ಟು ಹೊತ್ತಿಗೆ ಬಹಳಷ್ಟು ಜನರಿಗೆ ಅದು ತಡವಾಗಿತ್ತು.

ದಯೆಯ ಬದಲು ನಿಯಮ

ಇಷ್ಟು ಸಾವಿನ ಮೇಲೆ ಸರ್ಕಾರ ಒಂದು ಪಾಠ ಕಲಿಯಿತು. 1878ರಲ್ಲಿ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಕವಾಗಿ, 1880ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1883ರಲ್ಲಿ ಕ್ಷಾಮ ಸಂಹಿತೆ ಸಿದ್ಧವಾಯಿತು. ಬರದ ಲಕ್ಷಣ ಕಂಡ ಕೂಡಲೇ ‘ಪರೀಕ್ಷಾ ಕಾಮಗಾರಿ’ ತೆರೆಯಬೇಕು. ಕಡಿಮೆ ಕೂಲಿಯ ಆ ಕೆಲಸಕ್ಕೂ ಜನ ಮುಗಿಬಿದ್ದರೆ ಸಂಕಟ ನಿಜವೆಂದು ತಿಳಿದು ದೊಡ್ಡ ಕಾಮಗಾರಿ ಆರಂಭಿಸಬೇಕು. ಧಾನ್ಯದ ಬೆಲೆ ಏರಿದಂತೆ ಕೂಲಿಯೂ ಏರಬೇಕು. ದುಡಿಯಲಾರದವರಿಗೆ ಪುಕ್ಕಟೆ ನೆರವು ಸಿಗಬೇಕು. ಇವು ಅದರ ಸಾರ. ಸಂಹಿತೆಯಲ್ಲಿ ಜಿಪುಣತನ ಉಳಿದೇ ಇತ್ತು. ಆದರೂ ಒಂದು ಮುಖ್ಯ ಬದಲಾವಣೆ ಆಗಿತ್ತು. ನೆರವು ಒಬ್ಬ ವೈಸ್‌ರಾಯನ ಮನಸ್ಸಿಗೆ ಬಿಟ್ಟ ವಿಷಯವಾಗದೆ, ಲಕ್ಷಣ ಕಂಡೊಡನೆ ತಾನಾಗಿಯೇ ಜಾರಿಗೆ ಬರುವ ನಿಯಮವಾಯಿತು.

ಹಣದ ವಿಷಯದಲ್ಲಿ ಮಾತ್ರ ಈ ನಿಷ್ಠೆ ಉಳಿಯಲಿಲ್ಲ. ಬರ ಎದುರಿಸಲೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ‘ಕ್ಷಾಮ ವಿಮಾ ನಿಧಿ’ಯನ್ನು ಸರ್ಕಾರ ಘೋಷಿಸಿತ್ತು. ಅದಕ್ಕಾಗಿ ಹೊಸ ತೆರಿಗೆಗಳನ್ನೂ ಹಾಕಿತ್ತು. ಆಫ್ಘನ್ ಯುದ್ಧದ ಖರ್ಚು ಬೆಳೆಯುತ್ತಲೇ ಆ ನಿಧಿಗೆ ಹಣ ಇಡುವುದು ನಿಂತಿತು. ತೆರಿಗೆ ಮಾತ್ರ ಉಳಿಯಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಯುದ್ಧಕ್ಕೆ ಹೋಯಿತೆಂಬ ದೂರು ವರ್ಷಗಟ್ಟಲೆ ಕೇಳಿಬಂತು.

ನಂತರದ ವರ್ಷಗಳಲ್ಲೂ ಬಳ್ಳಾರಿಗೆ ಬರ ಬಂತು, 1896–97ರದ್ದು ಕಠಿಣವಾಗಿತ್ತು. ಆದರೆ 1901ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 9 ಲಕ್ಷ 47 ಸಾವಿರಕ್ಕೆ ಏರಿತ್ತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ರೈಲೂ ಬಂತು. ಎತ್ತಿನ ಗಾಡಿಯೇ ಗತಿಯಾಗಿದ್ದ ಸೀಮೆಗೆ ಧಾನ್ಯ ತಲುಪಲು ಕೊನೆಗೂ ಒಂದು ದಾರಿಯಾಯಿತು.

ಅಮೆರಿಕದ ಕತ್ತರಿ

ನಿಯಮವು ಕೊಡಲೂ ಬಲ್ಲದು, ಕಸಿಯಲೂ ಬಲ್ಲದು. ಕಸಿಯುವ ನಿಯಮಕ್ಕೆ ಆಧುನಿಕ ಉದಾಹರಣೆ ಅಮೆರಿಕದ್ದು. ಕೊರತೆ ಮಿತಿ ಮೀರಿದರೆ ಖರ್ಚು ತಾನಾಗಿಯೇ ಕಡಿತಗೊಳ್ಳಬೇಕೆಂದು ಅಲ್ಲಿನ ಸಂಸತ್ತು 1985ರಲ್ಲಿ ಕಾನೂನು ಮಾಡಿತ್ತು. 2011ರಲ್ಲಿ ಅದೇ ಮಾದರಿ ಮತ್ತೆ ಬಂತು. ಸಾಲ ಇಳಿಸುವ ಬಗ್ಗೆ ಎರಡೂ ಪಕ್ಷಗಳು ಒಪ್ಪಂದಕ್ಕೆ ಬಾರದಿದ್ದರೆ ಹಲವು ಬಾಬತ್ತುಗಳಿಗೆ ಕತ್ತರಿ ಎಂಬುದು ಅದರ ಬೆದರಿಕೆ. ಇಂಥ ಒರಟು ಕಡಿತಕ್ಕೆ ಹೆದರಿಯಾದರೂ ನಾಯಕರು ಒಂದಾಗುತ್ತಾರೆ ಎಂದು ಎಣಿಸಲಾಗಿತ್ತು. ಅವರು ಒಂದಾಗಲಿಲ್ಲ. 2013ರ ಮಾರ್ಚ್ 1ರಂದು 8,500 ಕೋಟಿ ಡಾಲರ್ ಕಡಿತ ಜಾರಿಗೆ ಬಂತು.

ಪರಿಣಾಮ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ವಿಮಾನ ಸಂಚಾರ ನಿಯಂತ್ರಕರಿಗೆ ಸಂಬಳವಿಲ್ಲದ ಕಡ್ಡಾಯ ರಜೆ ಕೊಟ್ಟಾಗ ವಿಮಾನಗಳು ತಡವಾದವು, ಪ್ರಯಾಣಿಕರು ಕೂಗೆಬ್ಬಿಸಿದರು, ಕೆಲವೇ ದಿನಗಳಲ್ಲಿ ಸಂಸತ್ತು ಕಾನೂನು ತಂದು ಅದನ್ನು ಸರಿಪಡಿಸಿತು. ಬಡ ಮಕ್ಕಳ ಶಿಶುವಿಹಾರ ಯೋಜನೆಯಲ್ಲಿ ಸುಮಾರು 57 ಸಾವಿರ ಮಕ್ಕಳ ಸ್ಥಾನಗಳು ಹೋದವು. ಅವರ ಪರವಾಗಿ ಅಂಥ ಅವಸರ ಕಾಣಲಿಲ್ಲ.

ಕರ್ನಾಟಕದಲ್ಲಿ ಅಷ್ಟು ಕಠೋರ ನಿಯಮವಿಲ್ಲ. ಆದರೆ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು, 2002ರಲ್ಲಿ, ಮಾಡಿದ ರಾಜ್ಯ ನಮ್ಮದು. ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ 3ಕ್ಕೆ ಇಳಿಸುವುದು ಅದರ ಗುರಿ. ಸಾಲಕ್ಕೆ ಮಿತಿ ಬೇಕೆಂಬುದರಲ್ಲಿ ತಕರಾರಿಲ್ಲ. ಕಷ್ಟ ಬರುವುದು ವರಮಾನ ಕುಸಿದ ವರ್ಷದಲ್ಲಿ. ಸಂಬಳ, ಪಿಂಚಣಿ, ಬಡ್ಡಿಯನ್ನು ಮುಟ್ಟುವಂತಿಲ್ಲ. ಹಾಗಾಗಿ ಕತ್ತರಿ ಬೀಳುವುದು ಶಾಲೆಯ ದುರಸ್ತಿಗೆ, ಆಸ್ಪತ್ರೆಯ ಸಲಕರಣೆಗೆ, ಕೆರೆಯ ಹೂಳಿಗೆ, ಭರ್ತಿಯಾಗದ ಹುದ್ದೆಗೆ. ಬರ ಬಿದ್ದ ವರ್ಷವೇ ವರಮಾನವೂ ಇಳಿಯುವುದರಿಂದ, ಸೇವೆ ಹೆಚ್ಚು ಬೇಕಾದಾಗಲೇ ಅದು ಕಡಿಮೆಯಾಗುವ ಅಪಾಯವಿದೆ.

2023ರಲ್ಲಿ ಆದದ್ದನ್ನು ನೋಡಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬಾರದೆ ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ ರೂಪಾಯಿ. ಯಾರ ಲೆಕ್ಕ ಸರಿ ಎಂಬ ವಾದ ಏನೇ ಇರಲಿ, ಮುಂಗಾರಿನಲ್ಲಿ ಬೆಳೆ ಕಳೆದುಕೊಂಡ ರೈತ ಮರುವರ್ಷದ ಬೇಸಿಗೆಯವರೆಗೆ ಕಾಯಬೇಕಾಯಿತು.

ಎಲ್ಲ ಕಡೆಗೂ ಸಮನಾಗಿ ಹಾಕಿದ ಕತ್ತರಿ ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ಮೈಯಲ್ಲಿ ಕೊಬ್ಬಿದ್ದವನಿಗೆ ಅದು ಪಥ್ಯ. ಮೂಳೆಯಷ್ಟೇ ಉಳಿದವನಿಗೆ ಪ್ರಾಣಾಂತಿಕ. ಒಂದೂವರೆ ಪೌಂಡು ಮತ್ತು ಒಂದು ಪೌಂಡಿನ ನಡುವಿನ ವ್ಯತ್ಯಾಸ ಖಜಾನೆಯ ಪುಸ್ತಕದಲ್ಲಿ ಒಂದು ಉಳಿತಾಯದ ಬಾಬತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯಂಥ ಬರಸೀಮೆಯಲ್ಲಿ ಕಲ್ಲು ಒಡೆಯುತ್ತಿದ್ದವನಿಗೆ ಅದು ರಾತ್ರಿಯ ಊಟ. ಖರ್ಚು ಕಡಿಮೆ ಮಾಡುವ ನಿಯಮ ಬರೆಯುವವರು, ಯಾವ ಖರ್ಚನ್ನು ಎಂಥ ಕಷ್ಟಕಾಲದಲ್ಲೂ ಮುಟ್ಟಬಾರದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಧಾತು ಈಶ್ವರ ಬರ ಕಲಿಸಿದ ಪಾಠ ಇಷ್ಟೇ.