ಪೆಟ್ಟಿಗೆ ಬದಲಾದರೆ ರೆಕಾರ್ಡಿಂಗ್ ಯಾರದ್ದು? ಮಿಥ್‌ಟಿವಿಯ ಕಥೆ

ಮೈಗ್ರೇಶನ್ ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಆಫೀಸು. ಶನಿವಾರ ರಾತ್ರಿ, ಕಾಲ್‌ನಲ್ಲಿ ಇಪ್ಪತ್ತು ಜನ, ರೋಲ್‌ಬ್ಯಾಕ್ ಪ್ಲಾನ್ ಎಲ್ಲಿ ಅಂತ ಕೇಳೋ ಮ್ಯಾನೇಜರ್. ಅದೇ ಕೆಲಸವನ್ನು ಮನೆಯ ಹಾಲಿನಲ್ಲಿ, ಟಿವಿ ಪಕ್ಕದ ಕಂಪ್ಯೂಟರಿನ ಮೇಲೆ, ಸಂಬಳ ಇಲ್ಲದೆ ಮಾಡ್ತಾ ಬಂದವರ ಚರಿತ್ರೆ ಇವತ್ತಿನದು.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಟಿವಿಯಲ್ಲಿ ಬಂದದ್ದನ್ನು ಮನೆಯಲ್ಲಿ ಹಿಡಿದಿಟ್ಟುಕೊಳ್ಳೋದು ತಪ್ಪೋ ಸರಿಯೋ ಅನ್ನೋದೇ ಒಂದು ಕಾಲಕ್ಕೆ ಅಮೆರಿಕದಲ್ಲಿ ವ್ಯಾಜ್ಯವಾಗಿತ್ತು. ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು 1976ರಲ್ಲಿ ಕೇಸು ಹಾಕಿದವು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1984ರ ಜನವರಿ 17ಕ್ಕೆ, ಅದೂ 5–4ರಲ್ಲಿ. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಕಥೆ ಅಲ್ಲೇ ಮುಗೀತಿತ್ತು. ಪ್ರಸಾರದ ಹೊತ್ತಿಗೆ ನೋಡೋಕಾಗದೆ ಇದ್ದವರು ಆಮೇಲೆ ನೋಡೋಕೆ ರೆಕಾರ್ಡ್ ಮಾಡಿಕೊಳ್ಳಬಹುದು ಅನ್ನೋದು ಅದರ ತಿರುಳು. ಜೀವನಪೂರ್ತಿ ಕಪಾಟಿನಲ್ಲಿ ಇಟ್ಟುಕೊಳ್ಳೋ ಮಾತಿನ ಮೇಲೆ ಆ ತೀರ್ಪು ನಿಂತಿರಲಿಲ್ಲ. ಈ ಸಂದಿ ಮುಂದೆ ಬಹಳ ಕಾಡುತ್ತೆ, ನೆನಪಿಟ್ಟುಕೊಳ್ಳಿ.

ಕ್ಯಾಸೆಟ್ಟಿನ ಕಾಲದಲ್ಲಿ ಮಾತ್ರ ಅದು ಕಾಡಲಿಲ್ಲ. ವಿಸಿಆರ್ ಕೆಟ್ಟರೆ ಇನ್ನೊಂದು ತಂದು ಅದೇ ಕ್ಯಾಸೆಟ್ ತೂರಿಸಿದರೆ ಆಯ್ತು. ತೊಡಕು ಶುರುವಾದದ್ದು ರೆಕಾರ್ಡಿಂಗು ಹಾರ್ಡ್ ಡಿಸ್ಕಿಗೆ ಹೋದಾಗ. 1999ರಲ್ಲಿ ಟಿವೊ ಬಂತು, ರೀಪ್ಲೇಟಿವಿ ಬಂತು. ಟಿವೊ ಒಳಗೆ ಓಡ್ತಿದ್ದದ್ದು ಲಿನಕ್ಸೇ. ಆದರೆ ಮುಂದಿನ ಪೆಟ್ಟಿಗೆಗಳಲ್ಲಿ ನೀವು ಸಾಫ್ಟ್‌ವೇರ್ ತಿದ್ದಿ ಹಾಕಿದರೆ ಯಂತ್ರ ಏಳೋದೇ ಇಲ್ಲ. ಸೋರ್ಸ್ ಕೋಡ್ ನಿಮ್ಮ ಕೈಲಿ, ಪೆಟ್ಟಿಗೆಯ ಬೀಗ ಅವರ ಕೈಲಿ! ಇದಕ್ಕೆ ಟಿವೊಯಿಸೇಶನ್ ಅನ್ನೋ ಹೆಸರೇ ಬಿತ್ತು. 2007ರಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿಯ ಜಗಳದಲ್ಲಿ ಇದೂ ಒಂದು ಮುಖ್ಯ ಕಾರಣ. ಲಿನಕ್ಸ್ ಕರ್ನಲ್ ಮಾತ್ರ ಎರಡನೇ ಆವೃತ್ತಿಯಲ್ಲೇ ಉಳಿಯಿತು.

ಐಸಾಕ್ ರಿಚರ್ಡ್ಸ್ ಅನ್ನೋ ಪ್ರೋಗ್ರಾಮರ್ 2002ರ ಏಪ್ರಿಲ್‌ನಲ್ಲಿ ಮಿಥ್‌ಟಿವಿ ಬರೆಯೋಕೆ ಕೂತದ್ದು ದೊಡ್ಡ ತತ್ವಕ್ಕಾಗಿ ಏನಲ್ಲ. ಕೇಬಲ್ ಕಂಪನಿ ಕೊಟ್ಟ ಪೆಟ್ಟಿಗೆ ನಿಧಾನ, ಜಾಹೀರಾತು ಜಾಸ್ತಿ, ಅಷ್ಟೇ. ಮನೆಯ ಎಲ್ಲ ಮನರಂಜನೆಯೂ ಒಂದೇ ಪೆಟ್ಟಿಗೆಗೆ ಬರುತ್ತೆ ಅಂತ ಆಗ ಎಲ್ಲರೂ ಹೇಳ್ತಿದ್ದರು, ಯಾರೂ ಕಂಡಿರಲಿಲ್ಲ. ಆ ಪುರಾಣದ ಪೆಟ್ಟಿಗೆಯಿಂದಲೇ ‘ಮಿಥ್’ ಬಂದದ್ದು. ಇವತ್ತಿಗೂ ಅದರ ಡೇಟಾಬೇಸಿನ ಹೆಸರು ಮಿಥ್‌ಕನ್ವರ್ಗ್.

ಈಗ ಒಳಗೆ ನೋಡೋಣ, ನಿಮಗೆ ಇಷ್ಟವಾಗೋ ಭಾಗ ಇದೇ. ಬ್ಯಾಕ್‌ಎಂಡ್ ರೆಕಾರ್ಡ್ ಮಾಡುತ್ತೆ, ಫ್ರಂಟ್‌ಎಂಡ್ ತೋರಿಸುತ್ತೆ. ಎರಡೂ ಬೇರೆ ಬೇರೆ ಯಂತ್ರದಲ್ಲಿರಬಹುದು. ಡಿಸ್ಕಿನಲ್ಲಿ ಬೀಳೋ ಫೈಲಿನ ಹೆಸರಲ್ಲಿ ಚಾನೆಲ್ ಸಂಖ್ಯೆ, ಅಡಿಗೆರೆ, ಶುರುವಾದ ತಾರೀಖು ಮತ್ತು ಸಮಯ ಇರುತ್ತೆ: 1051_20080312200000, ಹೀಗೆ. ಇದು ಯಾವ ಕಾರ್ಯಕ್ರಮ, ಯಾವ ಕಂತು, ಎಲ್ಲಿವರೆಗೆ ನೋಡಿದ್ದೀರಿ, ಜಾಹೀರಾತು ಎಲ್ಲಿದೆ ಅನ್ನೋದೆಲ್ಲ ಮೈಸೀಕ್ವೆಲ್ ಡೇಟಾಬೇಸಿನಲ್ಲಿ. ಅಂದ್ರೆ ಹೊಸ ಯಂತ್ರಕ್ಕೆ ಬರೀ ಫೈಲುಗಳನ್ನು ಕಾಪಿ ಮಾಡಿದರೆ ನಿಮ್ಮ ಕೈಗೆ ಸಿಗೋದು ಅಂಕಿಗಳ ರಾಶಿ. ಬರೀ ಡೇಟಾಬೇಸ್ ತಂದರೆ ಊಟ ಇಲ್ಲದ ಮೆನು ಕಾರ್ಡು.

ಎರಡನ್ನೂ ತಂದರೂ ಮುಗೀಲಿಲ್ಲ. ಪ್ರತಿ ರೆಕಾರ್ಡಿಂಗಿನ ಸಾಲಿನಲ್ಲೂ ಅದನ್ನು ಮಾಡಿದ ಯಂತ್ರದ ಹೋಸ್ಟ್‌ನೇಮ್ ಇರುತ್ತೆ. ಹೊಸ ಯಂತ್ರಕ್ಕೆ ಹೊಸ ಹೆಸರಿಟ್ಟಿರೋ, ಫೈಲು ಕಣ್ಣೆದುರೇ ಇದ್ದರೂ ಬ್ಯಾಕ್‌ಎಂಡ್ ಹಳೆಯ ಯಜಮಾನನನ್ನೇ ಹುಡುಕುತ್ತೆ. ಇದಕ್ಕೇ ರಿಸ್ಟೋರ್ ಸ್ಕ್ರಿಪ್ಟಿನಲ್ಲಿ ಹೋಸ್ಟ್‌ನೇಮ್ ಬದಲಿಸೋ ಆಯ್ಕೆ ಇಟ್ಟಿದ್ದಾರೆ. ಇನ್ನೊಂದು ಟೇಬಲ್ಲಿನ ಹೆಸರು ಓಲ್ಡ್‌ರೆಕಾರ್ಡೆಡ್. ಅಳಿಸಿ ಹಾಕಿದ ಕಾರ್ಯಕ್ರಮಗಳ ನೆನಪೂ ಅದರಲ್ಲಿ ಇರುತ್ತೆ, ಮರುಪ್ರಸಾರ ಬಂದರೆ ಮತ್ತೆ ರೆಕಾರ್ಡ್ ಆಗದಿರಲಿ ಅಂತ. ಒಂದು ಮನೆ ಹತ್ತು ವರ್ಷ ಏನು ನೋಡ್ತು ಅನ್ನೋದರ ದಿನಚರಿ ಅದು. ನನ್ನ ಪ್ರಕಾರ ವಿಡಿಯೊಗಿಂತ ಆ ಟೇಬಲ್ಲೇ ಅಮೂಲ್ಯ.

ಇನ್ನು ಅಕ್ಷರಗಳ ರಾದ್ಧಾಂತ. 2009ರ 0.22 ಆವೃತ್ತಿಗೆ ಹೋಗುವಾಗ ಬಹಳ ಮನೆಗಳ ಅಪ್‌ಗ್ರೇಡ್ ನಡುದಾರಿಯಲ್ಲೇ ನಿಂತಿತು. ಅಲ್ಲಿಯವರೆಗೆ ಮಿಥ್‌ಟಿವಿ ಯುಟಿಎಫ್-8 ಬೈಟುಗಳನ್ನು ಲ್ಯಾಟಿನ್-1 ಅಂತ ಚೀಟಿ ಅಂಟಿಸಿದ ಡಬ್ಬಿಗೆ ತುಂಬ್ತಿತ್ತು. ತುಂಬೋರೂ ತೆಗೆಯೋರೂ ಅದೇ ಸುಳ್ಳು ಹೇಳ್ತಿದ್ದರಿಂದ ಎಲ್ಲ ಸರಿಯಾಗೇ ಕಾಣ್ತಿತ್ತು. ಆದರೆ ಕೆಲವರ ಮೈಸೀಕ್ವೆಲ್ ಮೊದಲಿಂದಲೇ ಯುಟಿಎಫ್-8ಕ್ಕೆ ಹೊಂದಿಸಿತ್ತು. ಅವರಲ್ಲಿ ಅಕ್ಷರಗಳು ಎರಡೆರಡು ಸಲ ಪರಿವರ್ತನೆಯಾಗಿ ಕೂತಿದ್ದವು. ಹೊಸ ಆವೃತ್ತಿ ಅದನ್ನು ಕಂಡು, ಮೊದಲು ಇದನ್ನು ಸರಿಮಾಡಿಕೊಂಡು ಬಾ ಅಂತ ಬಾಗಿಲು ಹಾಕಿತು. ನುಡಿ, ಬರಹದ ಹಳೆಯ ಫಾಂಟಿನ ಫೈಲುಗಳನ್ನು ಯುನಿಕೋಡಿಗೆ ತಂದ ಕನ್ನಡಿಗರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆರೆಯ ಮೇಲೆ ಕನ್ನಡ, ಫೈಲಿನ ಒಳಗೆ ಇನ್ನೇನೋ.

2012ರ 0.26ರಲ್ಲಿ ಸಮಯದ ಸರದಿ. ಅಲ್ಲಿಯವರೆಗೆ ಸ್ಥಳೀಯ ಸಮಯ ಬರೆದುಕೊಳ್ತಿದ್ದ ಡೇಟಾಬೇಸ್ ಯುಟಿಸಿಗೆ ಹೋಯಿತು. ನಮಗೆ ಇದು ಹಗುರ ಅನ್ನಿಸಬಹುದು, ಐದೂವರೆ ಗಂಟೆ ಕಳೆದರೆ ಮುಗೀತು. ಆದರೆ ಅಮೆರಿಕದಲ್ಲಿ ಪ್ರತಿ ವರ್ಷ ಗಡಿಯಾರ ಹಿಂದೆ ಹೋಗೋ ರಾತ್ರಿ ಒಂದೇ ಗಂಟೆ ಎರಡು ಸಲ ಬರುತ್ತೆ. ಆ ಹೊತ್ತಲ್ಲಿ ರೆಕಾರ್ಡ್ ಆದದ್ದು ಮೊದಲನೆಯ ಒಂದೂವರೆಯದೋ ಎರಡನೆಯದೋ? ಅದನ್ನು ಬಗೆಹರಿಸೋಕೆ ಮೈಸೀಕ್ವೆಲ್‌ಗೆ ಟೈಮ್‌ಝೋನ್ ಟೇಬಲ್ಲುಗಳನ್ನು ಕೈಯಾರೆ ತುಂಬಿಸಬೇಕಿತ್ತು. ಅದಿಲ್ಲದೆ ಅಪ್‌ಗ್ರೇಡ್ ಮುಂದಕ್ಕೆ ಹೋಗ್ತಿರಲಿಲ್ಲ.

ಹೊರಗಿನ ಲೋಕವೂ ಸುಮ್ಮನಿರಲಿಲ್ಲ. ಉತ್ತರ ಅಮೆರಿಕದಲ್ಲಿ ಕಾರ್ಯಕ್ರಮಗಳ ಪಟ್ಟಿಯನ್ನು ಪುಕ್ಕಟೆ ಕೊಡ್ತಿದ್ದ ಝ್ಯಾಪ್2ಇಟ್ ಲ್ಯಾಬ್ಸ್ 2007ರ ಸೆಪ್ಟೆಂಬರ್ 1ಕ್ಕೆ ನಿಂತುಹೋಯಿತು. ಪಟ್ಟಿ ಇಲ್ಲದಿದ್ದರೆ ಇಡೀ ಸರ್ವರ್ ಕುರುಡು. ಬಳಸೋರೇ ಸೇರಿ ಶೆಡ್ಯೂಲ್ಸ್ ಡೈರೆಕ್ಟ್ ಅನ್ನೋ ಲಾಭವಿಲ್ಲದ ಸಂಸ್ಥೆ ಕಟ್ಟಿ, ಸಣ್ಣ ಚಂದಾ ಹಾಕಿಕೊಂಡು, ಅದೇ ಪಟ್ಟಿಯನ್ನು ದುಡ್ಡು ಕೊಟ್ಟು ತಂದರು. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಸ್ಟೇಶನ್ನುಗಳ ಅನಲಾಗ್ ಪ್ರಸಾರ ನಿಂತಿತು, ಆಂಟೆನಾಗೆ ಜೋಡಿಸಿದ್ದ ಹಳೆಯ ಟ್ಯೂನರ್ ಕಾರ್ಡುಗಳು ಮೂಲೆ ಸೇರಿದವು.

ಪಕ್ಕದ ಬೀದಿಯಲ್ಲಿ ಇನ್ನೂ ಸುಲಭದ ದಾರಿ ಇತ್ತು: ವಿಂಡೋಸ್ ಮೀಡಿಯಾ ಸೆಂಟರ್. ಅದೂ 2002ರದ್ದೇ, ನೋಡೋಕೆ ಮಿಥ್‌ಟಿವಿಗಿಂತ ಚೆಂದ. ಆದರೆ ಚಾನೆಲ್ಲಿನವರು ‘ಒಂದೇ ಪ್ರತಿ’ ಅಂತ ಗುರುತು ಹಾಕಿದ ಕೇಬಲ್ ಕಾರ್ಯಕ್ರಮ ರೆಕಾರ್ಡ್ ಮಾಡಿದ ಯಂತ್ರದಲ್ಲೇ ಓಡಬೇಕಿತ್ತು. ಫೈಲು ಕಾಪಿ ಆಗುತ್ತೆ, ತೆರೆಯೋದಿಲ್ಲ. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ಕೈಬಿಟ್ಟರು. ಬೀಟಾಮ್ಯಾಕ್ಸ್ ತೀರ್ಪಿನ ಸಂದಿ ಅಂದೆನಲ್ಲ, ಅದು ಇಲ್ಲೇ. ಆಮೇಲೆ ನೋಡೋಕೆ ಯಾರೂ ಅಡ್ಡಿ ಮಾಡಲಿಲ್ಲ, ಪೆಟ್ಟಿಗೆ ಬದಲಾದ ಮೇಲೆ ನೋಡೋಕೆ ಮಾತ್ರ ದಾರಿ ಮುಚ್ಚಿತು. ಮಿಥ್‌ಟಿವಿಯ ಮೈಗ್ರೇಶನ್ ಎಷ್ಟೇ ಗೋಳಾಗಿರಲಿ, ಫೈಲು ಮಾತ್ರ ತೆರೆಯುತ್ತಿತ್ತು.

ನಮ್ಮ ಕಡೆ ಏನಾಯ್ತು? 2012ರ ಕೊನೆಗೆ ಮುಂಬಯಿ, ದೆಹಲಿಯಂಥ ಮಹಾನಗರಗಳಿಂದ ಕೇಬಲ್ ಡಿಜಿಟಲೀಕರಣ ಶುರುವಾಯ್ತು, 2013ರಲ್ಲಿ ಪುಣೆ, ಹೈದರಾಬಾದ್, ಬೆಂಗಳೂರು, ಮೈಸೂರಿನ ಸರದಿ. ಅದಕ್ಕೆ ಮುಂಚೆ ಕೇಬಲ್ ವೈರನ್ನು ನೇರ ಟ್ಯೂನರ್ ಕಾರ್ಡಿಗೆ ಚುಚ್ಚಬಹುದಿತ್ತು. ಆಮೇಲೆ ಸಿಗ್ನಲ್ ಬೀಗದೊಳಗೆ ಹೋಯಿತು. ಪೆಟ್ಟಿಗೆಗೆ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡಿದರೂ ಬಹಳ ಕಡೆ ಅದು ಅದೇ ಪೆಟ್ಟಿಗೆಯಲ್ಲಿ ಮಾತ್ರ ಓಡುತ್ತೆ. ಕೆಲಸ ಬದಲಾಗಿ ಪುಣೆಯಿಂದ ಹೈದರಾಬಾದಿಗೆ ಹೋಗೋವಾಗ ಪೆಟ್ಟಿಗೆ ವಾಪಸ್ ಕೊಟ್ಟಿರೋ, ಅಮ್ಮನಿಗೆ ಅಂತ ಹಿಡಿದಿಟ್ಟ ಯಕ್ಷಗಾನವನ್ನೂ ಜೊತೆಗೇ ಕೊಟ್ಟ ಹಾಗೆ.

ಬೀಗವಿಲ್ಲದ ಒಂದು ಬಾಗಿಲು ಮಾತ್ರ ಉಳಿದುಕೊಂಡಿತು. 2004ರಲ್ಲಿ ಶುರುವಾದ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್, ಈಗಿನ ಫ್ರೀ ಡಿಶ್. 93.5 ಡಿಗ್ರಿ ಪೂರ್ವಕ್ಕೆ ತಿರುಗಿಸಿದ ಡಿಶ್ಶಿನ ವೈರನ್ನು ಕಂಪ್ಯೂಟರಿನ ಸ್ಯಾಟಲೈಟ್ ಟ್ಯೂನರಿಗೆ ಕೊಟ್ಟರೆ ಮಿಥ್‌ಟಿವಿಯೋ ಟಿವಿಹೆಡ್‌ಎಂಡೋ ಚಂದನವನ್ನು ಹಾಗೇ ಹಿಡಿದು ಡಿಸ್ಕಿಗೆ ಇಳಿಸುತ್ತೆ. ಆ ಫೈಲನ್ನು ಯಾವ ಊರಿನ ಯಾವ ಯಂತ್ರಕ್ಕೆ ಹಾಕಿದರೂ ವಿಎಲ್‌ಸಿಯಲ್ಲಿ ತೆರೆಯುತ್ತೆ, ಹೋಸ್ಟ್‌ನೇಮ್ ಏನೇ ಇರಲಿ.