ಮದುವೆ, ಹಡಗು, ಮಕ್ಕಳಮನೆ: ಬಾಸೆಲ್ ಮಿಶನ್ ಕುಟುಂಬಗಳ ಹೊರಡುವ ಸಿದ್ಧತೆ

ಹತ್ತೊಂಬತ್ತನೆಯ ಶತಮಾನದ ಕನ್ನಡದ ಚರಿತ್ರೆ ಬರೆಯುವವರಿಗೆ ಬಾಸೆಲ್ ಮಿಶನ್ ಎಂದರೆ ಮೊದಲು ನೆನಪಾಗುವುದು ಗ್ರಂಥಗಳ ಸಾಲು. 1843ರ ಜುಲೈ 1ರಂದು ಹೊರಬಿದ್ದ ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’, ಫರ್ಡಿನೆಂಡ್ ಕಿಟ್ಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’, 1894ರಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ಕೋಶ. ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಹಳೆಯ ಕಡತಗಳನ್ನು ಕೆದಕಿ ಈ ಸಾಲನ್ನು ನಮ್ಮ ಮುಂದಿಟ್ಟರು. ಆ ಋಣ ಸಣ್ಣದಲ್ಲ. ಆದರೆ ಈ ಚರಿತ್ರೆಯಲ್ಲಿ ಮಿಶನರಿ ಒಬ್ಬಂಟಿಯಾಗಿ ಮೇಜಿನ ಮುಂದೆ ಕೂತಿರುತ್ತಾನೆ. ಹೆಂಡತಿ ಬರುವುದು ಮದುವೆಯ ಇಸವಿಯಾಗಿ, ಇಲ್ಲವೇ ಸಾವಿನ ಇಸವಿಯಾಗಿ. ಮಕ್ಕಳಂತೂ ಬರುವುದೇ ಇಲ್ಲ. ಆ ಮೇಜಿನ ಹಿಂದೆ ಒಂದು ಸಂಸಾರವಿತ್ತು. ದೂರದೇಶಕ್ಕೆ ಹೊರಡಲು ಅದನ್ನು ಅಣಿಗೊಳಿಸಿದವರು ಯಾರು, ಹೇಗೆ ಎಂಬುದು ಈ ಲೇಖನದ ಪ್ರಶ್ನೆ.

ನನ್ನ ವಾದ ಇಷ್ಟು: ಬಾಸೆಲ್ ಮಿಶನ್ ಗಂಡಸನ್ನು ವರ್ಷಗಟ್ಟಲೆ ಓದಿಸಿ ತಯಾರು ಮಾಡಿತು, ಕುಟುಂಬಕ್ಕೆ ಅಂಥ ತಯಾರಿ ಕೊಡಲಿಲ್ಲ. ಅದನ್ನು ನಿಯಮದಿಂದ ಜೋಡಿಸಿತು, ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ನಿಯಮದಿಂದಲೇ ಬಿಡಿಸಿತು. ಹಾಗಾಗಿ ಈ ಕುಟುಂಬಗಳ ಪಾಲಿಗೆ ಹೊರಡುವುದು ಒಮ್ಮೆ ನಡೆದು ಮುಗಿದದ್ದಲ್ಲ. ಅದು ತಲೆಮಾರಿನುದ್ದಕ್ಕೂ ಮರುಕಳಿಸಿತು.

ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ. ಮರುವರ್ಷ ತರಬೇತಿ ಶಾಲೆ ತೆರೆಯಿತು. ಸ್ವಿಜರ್ಲೆಂಡಿನ ನಗರದಲ್ಲಿದ್ದರೂ ಅದಕ್ಕೆ ಜನ ಬರುತ್ತಿದ್ದದ್ದು ಮುಖ್ಯವಾಗಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಪೈಯಟಿಸ್ಟ್ (ಭಕ್ತಿನಿಷ್ಠ ಪ್ರಾಟೆಸ್ಟಂಟ್) ಮನೆಗಳಿಂದ: ರೈತರ ಮಕ್ಕಳು, ನೇಕಾರರು, ಬಡಗಿಗಳು. ಸೇರಬೇಕೆನ್ನುವವನು ತನ್ನ ಬಾಳಿನ ಕಥೆಯನ್ನು ತಾನೇ ಬರೆದು ಒಪ್ಪಿಸಬೇಕಿತ್ತು. ದೇವರ ಕರೆ ಯಾವಾಗ ಕೇಳಿಸಿತು, ಮನಸ್ಸು ಹೇಗೆ ತಿರುಗಿತು ಎಂಬುದೆಲ್ಲ ಅದರಲ್ಲಿ ಇರಬೇಕು. ಆಯ್ಕೆಯಾದವನಿಗೆ ಮುಂದಿನ ವರ್ಷಗಳಲ್ಲಿ ಬೈಬಲ್, ದೇವಶಾಸ್ತ್ರ, ಗ್ರೀಕ್, ಹೀಬ್ರೂ, ಇಂಗ್ಲಿಷ್, ಜೊತೆಗೆ ಕೈಕಸುಬು. 1833ರ ಸನ್ನದು ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆದಾಗ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಗೆ ಬಂದಿಳಿದು, ಅಲ್ಲಿಂದ ಮಂಗಳೂರು ಸೇರಿದರು. ಮೂವರೂ ಒಂಟಿಯಾಗಿಯೇ ಬಂದವರು. ಹೆಬಿಕ್ ಕೊನೆಯವರೆಗೂ ಹಾಗೆಯೇ ಉಳಿದರು.

ಒಂಟಿಯಾಗಿ ಬರುವುದು ಅವರವರ ಇಷ್ಟಕ್ಕೆ ಬಿಟ್ಟ ಮಾತಾಗಿರಲಿಲ್ಲ. ನಿಶ್ಚಿತಾರ್ಥವನ್ನೂ ಮಾಡಿಕೊಳ್ಳದೆ ಹೊರಡಬೇಕು. ಎರಡು ವರ್ಷ ಕೆಲಸ ಮಾಡಿ ಯೋಗ್ಯತೆ ತೋರಿಸಬೇಕು. ಆಮೇಲೆ ಮದುವೆಗೆ ಅನುಮತಿ ಕೇಳಿ ಬಾಸೆಲ್ಲಿನ ಕಮಿಟಿಗೆ ಬರೆದುಕೊಳ್ಳಬೇಕು. 1837ರ ಹೊತ್ತಿಗೆ ಇದು ಲಿಖಿತ ನಿಯಮವಾಗಿತ್ತು. ಅನುಮತಿ ಸಿಕ್ಕರೂ ಹುಡುಗಿ ಯಾರು ಎಂಬುದನ್ನು ಕಮಿಟಿ ಒಪ್ಪಬೇಕು. ಮಿಶನರಿ ತಾನೇ ಒಂದು ಹೆಸರು ಸೂಚಿಸಬಹುದಿತ್ತು. ಯಾರೂ ಮನಸ್ಸಿನಲ್ಲಿಲ್ಲದಿದ್ದರೆ ಹುಡುಕಿಕೊಡಿ ಎಂದು ಕೇಳಬಹುದಿತ್ತು. ಹಾಗೆ ಕೇಳಿದವರೇನೂ ಕಡಿಮೆಯಿಲ್ಲ. ಹುಡುಗಿಯ ಆರೋಗ್ಯ, ನಡತೆ, ಭಕ್ತಿ, ಮನೆತನದ ಬಗ್ಗೆ ಅವಳ ಊರಿನ ಪಾದ್ರಿಯಿಂದ ವಿಚಾರಣೆಯಾಗುತ್ತಿತ್ತು. ತಂದೆತಾಯಿಯ ಒಪ್ಪಿಗೆ ಬೇಕಾಗುತ್ತಿತ್ತು. ಹುಡುಗ ಧಾರವಾಡದಲ್ಲೋ ಬೆಟಗೇರಿಯಲ್ಲೋ ಇರುತ್ತಿದ್ದ; ಬೀಗತನದ ಮಾತುಕತೆಯೆಲ್ಲ ಬಾಸೆಲ್ಲಿನಲ್ಲಿ ನಡೆಯುತ್ತಿತ್ತು. ನಮ್ಮ ಕೂಡುಕುಟುಂಬದ ಹಿರಿಯರು ವಹಿಸುತ್ತಿದ್ದ ಪಾತ್ರವನ್ನು ಇಲ್ಲಿ ಒಂದು ಸಂಸ್ಥೆ ವಹಿಸಿಕೊಂಡಿತ್ತು ಎಂದರೆ ಕನ್ನಡದ ಓದುಗರಿಗೆ ಬೇಗ ಅರ್ಥವಾದೀತು. ಒಂದು ವ್ಯತ್ಯಾಸವುಂಟು: ಮನೆಯ ಹಿರಿಯರು ಮಗನ ಮುಖ ನೋಡಿ ಮಾತು ಬದಲಿಸಬಹುದು, ಕಮಿಟಿಯ ಮುಂದೆ ಇದ್ದದ್ದು ಕಡತ.

ಈ ಹೆಂಗಸರ ಬಗ್ಗೆ ಡಾಗ್ಮಾರ್ ಕೊನ್ರಾಡ್ 2001ರಲ್ಲಿ ಪ್ರಕಟಿಸಿದ ‘ಮಿಸಿಯೋನ್ಸ್‌ಬ್ರೊಯ್ಟೆ’ ಎಂಬ ಜರ್ಮನ್ ಅಧ್ಯಯನ ಪತ್ರ, ದಿನಚರಿಗಳನ್ನು ಆಧರಿಸಿದೆ. ಕನ್ನಡದಲ್ಲಿ ಅದರ ಚರ್ಚೆ ನಡೆಯದಿರುವುದು ನಮಗಾದ ನಷ್ಟ. ಅದು ತೋರಿಸುವ ಮುಖ್ಯ ಸಂಗತಿಯೆಂದರೆ, ಕಾಗದದಲ್ಲಿ ಬಂದ ಮದುವೆಯ ಪ್ರಸ್ತಾಪವನ್ನು ಈ ಹುಡುಗಿಯರು ಒಬ್ಬ ಗಂಡಸಿನ ಕೇಳಿಕೆಯೆಂದಷ್ಟೇ ನೋಡದೆ ದೇವರ ಕರೆಯೆಂದು ಓದಿಕೊಂಡರು. ಗುರುತಿಲ್ಲದವನನ್ನು ಒಪ್ಪಿಕೊಳ್ಳುವ ಧೈರ್ಯ ಬಂದದ್ದು ಅಲ್ಲಿಂದ. ಅವರ ಈ ನಂಬಿಕೆಯನ್ನು ಮೋಸಹೋದದ್ದು ಎಂದು ಕರೆಯಲು ನಾನು ಸಿದ್ಧನಿಲ್ಲ. ಊರಿನ ಒಲೆ, ಹೊಲ, ಚರ್ಚಿನ ಬೆಂಚಿನಾಚೆ ಹೆಣ್ಣಿಗೆ ಬೇರೆ ಕೆಲಸವೇ ಇಲ್ಲದ ಕಾಲದಲ್ಲಿ, ದೂರದೇಶದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುವ ಅವಕಾಶ ಸಣ್ಣ ಆಕರ್ಷಣೆಯಲ್ಲ. ಆದರೆ ಕರೆಯನ್ನು ಒಪ್ಪಿದವಳಿಗೆ ಸಂಸ್ಥೆ ಏನು ಕೊಟ್ಟಿತು ಎಂಬ ಪ್ರಶ್ನೆಯನ್ನು ಅವಳ ಭಕ್ತಿ ಮುಚ್ಚಿಹಾಕಬಾರದು.

ಕೊಟ್ಟದ್ದು ಬಹುಪಾಲು ಪೆಟ್ಟಿಗೆ ತುಂಬುವ ಕೆಲಸ. ವಧುವಿನ ಸಾಮಾನಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಒಳಉಡುಪು, ಹಾಸಿಗೆ ಬಟ್ಟೆ, ಮೇಜುಬಟ್ಟೆ, ಹೊಲಿಗೆಯ ಸರಂಜಾಮು, ಬೂಟು ಇರಬೇಕು, ಅದೂ ಸಮುದ್ರದ ತೇವ ತಾಗದ ಹಾಗೆ ಕಟ್ಟಿ. ತಾಯಿ, ಅಕ್ಕತಂಗಿಯರು ಕೂತು ಹೊಲಿದು ಗುರುತಿನಕ್ಷರ ಹಾಕಿದ ಈ ಬಟ್ಟೆಗಳೇ ಅವಳ ತವರು. ಜಡಿಮಳೆಯಲ್ಲಿ ಬೂಸಲು ಹಿಡಿಯುವ ಕರಾವಳಿಯ ಮನೆಯಲ್ಲಿ ಅವುಗಳ ಪಾಡು ಏನಾಯಿತೆಂದು ದಕ್ಷಿಣ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಡದ ಒಂದು ಪದವೂ ಈ ಸಿದ್ಧತೆಯಲ್ಲಿ ಸೇರಿರಲಿಲ್ಲ. ಗಂಡಸರೂ ಕನ್ನಡ ಕಲಿಯುತ್ತಿದ್ದದ್ದು ಬಂದ ಮೇಲೆಯೇ, ಮುನ್ಶಿಯ ಬಳಿ ಕೂತು. ಆದರೆ ಗ್ರೀಕ್, ಹೀಬ್ರೂ ಓದಿದ ಅವರಿಗೆ ಹೊಸ ವ್ಯಾಕರಣಕ್ಕೆ ಕೈಹಾಕುವ ಅಭ್ಯಾಸವಿತ್ತು. ಹೆಂಡತಿಗೆ ಆ ಅಭ್ಯಾಸವೂ ಇಲ್ಲ, ಬಿಡುವೂ ಇಲ್ಲ: ಮೊದಲ ವರ್ಷದಲ್ಲೇ ಮನೆ, ಶಾಲೆ, ಎಷ್ಟೋ ಬಾರಿ ಬಸಿರು.

ಪ್ರಯಾಣದ ವಿವರವನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಕಾಲದಲ್ಲಿ ಗುಡ್ ಹೋಪ್ ಭೂಶಿರ ಸುತ್ತಿ ನಾಲ್ಕೈದು ತಿಂಗಳ ಹಾಯಿ ಹಡಗಿನ ದಾರಿ. ಆಮೇಲೆ ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಈಜಿಪ್ಟ್ ದಾಟಿ, ಸೂಯೆಜ್‌ನಲ್ಲಿ ಮತ್ತೆ ಉಗಿಹಡಗು. 1869ರಲ್ಲಿ ಕಾಲುವೆ ತೆರೆದ ಮೇಲೆ ಇನ್ನೂ ಸಲೀಸು. ಮುಂಗಾರಿನಲ್ಲಿ ಪಡುಗಡಲಿನ ಬಂದರುಗಳು ಮುಚ್ಚುತ್ತಿದ್ದವಾದ್ದರಿಂದ ಮಂಗಳೂರು ಮುಟ್ಟಬೇಕಾದವರು ಮಳೆಗಾಲ ಕಳೆಯುವುದನ್ನು ಲೆಕ್ಕ ಹಾಕಿಯೇ ಹೊರಡಬೇಕಿತ್ತು. ಬಂದಿಳಿದ ಕೆಲವೇ ದಿನಗಳಲ್ಲಿ ಮದುವೆ. ವರನನ್ನು ಅವಳು ಅಲ್ಲಿಯೇ ಮೊದಲ ಸಲ ನೋಡಿದ್ದೂ ಉಂಟು.

ಈ ಚೌಕಟ್ಟಿನಲ್ಲಿ ಕಿಟ್ಟೆಲ್ ಅವರ ಬಾಳಿನ ಇಸವಿಗಳನ್ನು ಅವರ ಗ್ರಂಥಗಳ ಇಸವಿಗಳ ಜೊತೆಗಿಟ್ಟು ಓದಬೇಕು. ಅವರು ಬಂದದ್ದು 1853ರಲ್ಲಿ. ಪೌಲೀನ್ ಐಟ್ ಜೊತೆ ಮದುವೆ 1860ರಲ್ಲಿ. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದ ‘ಕಥಾಮಾಲೆ’ 1862ರಲ್ಲಿ. ಪೌಲೀನ್ ತೀರಿಕೊಂಡದ್ದು 1864ರಲ್ಲಿ. 1867ರಲ್ಲಿ ಅವರ ಸೋದರಿ ಜೂಲಿಯೊಡನೆ ಮರುಮದುವೆ. 1872ರಲ್ಲಿ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದಸ್ಸು’. ನಮ್ಮ ಸಾಹಿತ್ಯ ಚರಿತ್ರೆ 1862ರಿಂದ 1872ಕ್ಕೆ ಸರಾಗವಾಗಿ ಹಾರುತ್ತದೆ. ನಡುವೆ ಒಂದು ಮನೆ ಮುರಿದು ಮತ್ತೆ ಕಟ್ಟಿಕೊಂಡಿತು. ಎರಡನೆಯ ಬಾರಿ ಅದೇ ಐಟ್ ಮನೆತನದಿಂದ ಇನ್ನೊಬ್ಬಳು ಮಗಳು ಇದೇ ನೆಲಕ್ಕೆ ಹೊರಡಲು ಸಿದ್ಧಳಾದಳು ಎಂಬುದು ನನಗೆ ಗಾಢವಾಗಿ ತಟ್ಟುವ ಸಂಗತಿ. ಅಕ್ಕತಂಗಿಯರಲ್ಲಿ ಒಬ್ಬಳನ್ನು ಕಳೆದುಕೊಂಡ ಮನೆ ಅದು. ಈ ಬಾರಿಯ ಸಿದ್ಧತೆಗೆ ಕಮಿಟಿಯ ನಿಯಮಪತ್ರ ಬೇಕಿರಲಿಲ್ಲ. ಏನಾಗಬಹುದೆಂದು ಆ ಮನೆಗೆ ಗೊತ್ತಿತ್ತು.

ಹೀಗೆ ಮಿಶನ್ನಿನ ಒಳಗೇ ಸಂಸಾರಗಳು ಮರುಜೋಡಣೆಯಾಗುವುದು ಮತ್ತೆ ಮತ್ತೆ ಕಾಣುತ್ತದೆ. ಮೋಗ್ಲಿಂಗರ ಸೋದರಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನ್ ಅವರನ್ನು ಮೋಗ್ಲಿಂಗ್ ಮದುವೆಯಾದರು. ವಿಧವೆಯಾದವಳು ಊರಿಗೆ ಮರಳಿದರೆ ಅವಳಿಗೆ ಅಲ್ಲಿ ಕೆಲಸವಿಲ್ಲ. ಇಲ್ಲಿ ಉಳಿಯಬೇಕಾದರೆ ಮಿಶನರಿಯ ಹೆಂಡತಿಯಾಗಿಯೇ ಉಳಿಯಬೇಕು. ಭಾಷೆ ಬಲ್ಲ, ಹವೆಗೆ ಒಗ್ಗಿದ ಹೆಂಗಸಿನ ಅನುಭವಕ್ಕೆ ಸಂಸ್ಥೆಯಲ್ಲಿ ಬೇರೆ ಸ್ಥಾನವೇ ಇರಲಿಲ್ಲ.

ಎದುರು ದಿಕ್ಕಿನ ಒಂದು ಉದಾಹರಣೆ ಈ ನಿಯಮಗಳ ಮೇಲೆ ಹೆಚ್ಚು ಬೆಳಕು ಚೆಲ್ಲುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಆದರು. ಮೊದಲ ಹೆಂಡತಿ ಲಕ್ಷ್ಮಿ ಅವರ ಜೊತೆ ಬರದೆ ತನ್ನವರಲ್ಲೇ ಉಳಿದರು. 1846ರಲ್ಲಿ ಆನಂದರಾಯರು ಬಾಸೆಲ್ಲಿಗೆ ಹೋಗಿ, ವುರ್ಟೆಂಬರ್ಗಿನ ಹುಡುಗರ ಜೊತೆಗೆ ಅದೇ ಬೆಂಚಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಸಮುದ್ರ ದಾಟುವುದೇ ಜಾತಿ ಕೆಡಿಸುವ ಕಾಲವದು. ಅವರ ಪಾಲಿಗೆ ಹೊರಡುವುದೆಂದರೆ ಮನೆ ಕಳೆದುಕೊಳ್ಳುವುದೇ. ಕಟ್ಟಲು ಪೆಟ್ಟಿಗೆಯಿಲ್ಲ, ಬೀಳ್ಕೊಡಲು ಬಂಧುಗಳಿಲ್ಲ. 1860ರಲ್ಲಿ ಅವರನ್ನು ಮದುವೆಯಾಗಲು ಮರಿ ರೈನ್‌ಹಾರ್ಟ್ ಎಂಬ ಜರ್ಮನ್ ಯುವತಿ ಬಂದರು. ಮಿಶನ್ ವಧುಗಳಲ್ಲಿ ಅನೇಕರು ಗುರುತಿಲ್ಲದವನ ಕಡೆಗೆ ಹೊರಟವರೇ. ಆದರೆ ಮರಿ ಅವರ ಒಪ್ಪಿಗೆಯಲ್ಲಿ ಆ ಕಾಲದ ಯೂರೋಪು ಬಹಳ ಬಲವಾಗಿ ಎಳೆದಿದ್ದ ಗೆರೆಯೊಂದನ್ನು ದಾಟುವ ನಿರ್ಧಾರವೂ ಇತ್ತು. ಲಕ್ಷ್ಮಿ ಮತ್ತು ಮರಿ, ಒಬ್ಬರು ಹೊರಡಲು ಒಲ್ಲದವರು, ಇನ್ನೊಬ್ಬರು ಒಪ್ಪಿ ಹೊರಟವರು. ಕೌಂಡಿನ್ಯರ ಚರಿತ್ರೆ ಇಬ್ಬರನ್ನೂ ಸಮಾನ ಗೌರವದಿಂದ ಒಳಗೊಂಡಾಗಲೇ ಪೂರ್ತಿಯಾಗುತ್ತದೆ.

ಇನ್ನು ಮಕ್ಕಳು. ಮಿಶನ್ನಿನ ಮುಖ್ಯಸ್ಥರಾದ ಇನ್ಸ್‌ಪೆಕ್ಟರ್ ಯೋಸೆನ್‌ಹಾನ್ಸ್ ಅವರ ಅಧಿಕಾರಾವಧಿಯಲ್ಲಿ, 1853ರಲ್ಲಿ, ಬಾಸೆಲ್ಲಿನಲ್ಲಿ ಮಿಶನರಿಗಳ ಮಕ್ಕಳಿಗಾಗಿ ಮಕ್ಕಳಮನೆ ತೆರೆಯಿತು. ಶಾಲೆಯ ವಯಸ್ಸಿಗೆ ಬಂದ ಮಗುವನ್ನು ಅಲ್ಲಿಗೆ ಕಳಿಸಬೇಕು. ಕಾರಣಗಳು ಮೂರು: ಬಿಸಿಲ ನಾಡಿನ ಹವೆ, ಯೂರೋಪಿನ ಶಿಕ್ಷಣ, ಸುತ್ತಲಿನ ‘ಅನ್ಯಧರ್ಮೀಯ’ ಜನರ ಪ್ರಭಾವದ ಭಯ. ಮೊದಲನೆಯದನ್ನು ತಳ್ಳಿಹಾಕಲಾಗದು, ಎಳೆಯ ಮಕ್ಕಳ ಗೋರಿಗಳು ಕರಾವಳಿಯಲ್ಲಿ ಉಂಟು. ಮೂರನೆಯದರಲ್ಲಿ ಮಾತ್ರ ವಿಚಿತ್ರವಾದ ಬಿರುಕಿದೆ. ತಂದೆ ಯಾವ ಜನರ ನಡುವೆ ಬೆರೆಯಲು, ಯಾರ ಭಾಷೆಯನ್ನು ತನ್ನದಾಗಿಸಿಕೊಳ್ಳಲು ಬಂದನೋ, ಆ ಜನರ ಭಾಷೆಯನ್ನು ಆಯಾಳ ತೊಡೆಯ ಮೇಲೆ ಕೂತು ಸಲೀಸಾಗಿ ಕಲಿತ ಮಗು ಆ ಕಾರಣಕ್ಕೇ ಅಪಾಯದಲ್ಲಿದೆ ಎಂದು ಎಣಿಸಲಾಯಿತು. ಆ ಆಯಾಗಳ ಹೆಸರುಗಳು ಸಂಸ್ಥೆಯ ವರದಿಗಳಲ್ಲಿ ಸಿಗುವುದು ಅಪರೂಪ. ಮಕ್ಕಳು ಹೊರಟಾಗ ಅವರೂ ಏನನ್ನೋ ಕಳೆದುಕೊಂಡರು.

ನಿಯಮ ಬರುವ ಮೊದಲೇ ರೂಢಿ ಇತ್ತು ಎಂಬುದಕ್ಕೆ ಗುಂಡರ್ಟ್ ಕುಟುಂಬ ಸಾಕ್ಷಿ. ಹರ್ಮನ್ ಗುಂಡರ್ಟ್ ಮತ್ತು ಜೂಲಿ ದುಬ್ವಾ 1836ರಲ್ಲಿ ಬೇರೊಂದು ತಂಡದ ಜೊತೆ ಬಂದು, 1838ರಲ್ಲಿ ಇಲ್ಲಿಯೇ ಮದುವೆಯಾಗಿ, ಆಮೇಲೆ ಬಾಸೆಲ್ ಮಿಶನ್ ಸೇರಿದವರು. ಕಮಿಟಿ ಜೋಡಿಸಿದ ಮದುವೆ ಅವರದಲ್ಲ. ಆದರೂ 1845ರಲ್ಲಿ ಯೂರೋಪಿಗೆ ಹೋದ ದಂಪತಿ ಮಕ್ಕಳನ್ನು ಅಲ್ಲೇ ಬಿಟ್ಟು ಮಲಬಾರಿಗೆ ಮರಳಿದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮಗಳು ಮರಿ ತಂದೆತಾಯಿಯ ಬಳಿಗೆ ಮತ್ತೆ ಬಂದದ್ದು 1857ರಲ್ಲಿ. ನಾಲ್ಕು ವರ್ಷದ ಒಳಗೆ ಬೇರೆಯಾದವಳು ಹದಿನೈದರ ಹುಡುಗಿಯಾಗಿ ಎದುರು ನಿಂತಾಗ ಎರಡೂ ಕಡೆಯವರು ಒಬ್ಬರನ್ನೊಬ್ಬರು ಹೊಸದಾಗಿ ಕಲಿಯಬೇಕಾಯಿತು. ಈ ಅನುಭವದ ಬಳಿಕವೂ ಮರಿ ಮಿಶನರಿಯನ್ನೇ, ಚಾರ್ಲ್ಸ್ ಇಸೆನ್‌ಬರ್ಗ್ ಅವರನ್ನು, 1865ರಲ್ಲಿ ಕೈಹಿಡಿದರು. 1870ರಲ್ಲಿ ಆತ ತೀರಿಕೊಂಡರು. 1874ರಲ್ಲಿ ಅವರು ಮರುಮದುವೆಯಾದ ಯೋಹಾನೆಸ್ ಹೆಸ್ಸೆ ಕೂಡ ಮಿಶನ್ ಸೇವೆಗೆಂದು ಮಂಗಳೂರಿಗೆ ಬಂದು, ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದವರು. ಮರಿಯ ಪತ್ರಗಳನ್ನೂ ದಿನಚರಿಯನ್ನೂ ಮಗಳು ಅಡೆಲೆ ಗುಂಡರ್ಟ್ 1934ರಲ್ಲಿ ಪುಸ್ತಕವಾಗಿ ತಂದರು. ಮಿಶನ್ ಮನೆಯ ಒಳಗಿನ ಮಾತು ಹೆಣ್ಣಿನ ದನಿಯಲ್ಲಿ ದೊರೆಯುವ ಆಕರಗಳಲ್ಲಿ ಅದು ಬೆಲೆಯುಳ್ಳದ್ದು. ಉಳಿದ ಪತ್ರಗಳು ಬಾಸೆಲ್ಲಿನ ದಾಖಲಾಲಯದಲ್ಲಿ ಹಳೆಯ ಜರ್ಮನ್ ಕೈಬರಹದಲ್ಲಿವೆ. ಅಚ್ಚಾದ ಇಂಗ್ಲಿಷ್ ವರದಿಗಳನ್ನಷ್ಟೇ ನೆಚ್ಚಿದ ನಮ್ಮ ಸಂಶೋಧನೆಗೆ ಅವು ದಕ್ಕಬೇಕಾದರೆ ಆ ಲಿಪಿ ಓದಬಲ್ಲ ಕನ್ನಡಿಗರು ತಯಾರಾಗಬೇಕು.

ಮರಿ, ಯೋಹಾನೆಸ್ ದಂಪತಿಯ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಹುಟ್ಟಿದ್ದು 1877ರಲ್ಲಿ, ಕಾಲ್ವ್ ಎಂಬ ಊರಿನಲ್ಲಿ. ಮುಂದೆ ಕುಟುಂಬ ಬಾಸೆಲ್ಲಿಗೆ ಬಂತು, ತಂದೆ ಮಿಶನ್ನಿನಲ್ಲೇ ಕೆಲಸಕ್ಕಿದ್ದರು. ಅಲ್ಲಿ ಹವೆಯ ಭಯವಿಲ್ಲ, ಆಯಾ ಇಲ್ಲ, ದಾಟಬೇಕಾದ ಸಮುದ್ರವಿಲ್ಲ. ಆದರೂ 1884ರಲ್ಲಿ, ತಂಟೆಕೋರನೆನಿಸಿದ ಆ ಹುಡುಗನನ್ನು ತಂದೆತಾಯಿ ಅದೇ ನಗರದ ಮಿಶನ್ ಬಾಲಕರ ಮನೆಗೆ ಹಲವು ತಿಂಗಳ ಮಟ್ಟಿಗೆ ಸೇರಿಸಿದರು. ಭಾನುವಾರ ಮಾತ್ರ ಅವನು ಮನೆಗೆ ಬರುತ್ತಿದ್ದ. ಸೇರಿಸಿದ ತಾಯಿ ಎಳವೆಯಲ್ಲಿ ತಾನೇ ಹೀಗೆ ಬಿಟ್ಟುಹೋಗಲ್ಪಟ್ಟವರು.