ಗುಲಾಬಿಯ ಕಥೆ, ರೊಟ್ಟಿಯ ಪ್ರಶ್ನೆ

ಬೆಟ್ಟದ ಮೇಲಿನ ಕೋಟೆಯಿಂದ ಒಬ್ಬ ತರುಣ ಅರಸಿ ಇಳಿದು ಬರುತ್ತಿದ್ದಾಳೆ. ಮೇಲುವಸ್ತ್ರದ ಮರೆಯಲ್ಲಿ ಬಡವರಿಗೆಂದು ಬಚ್ಚಿಟ್ಟುಕೊಂಡ ರೊಟ್ಟಿಗಳಿವೆ. ದಾರಿಯಲ್ಲಿ ಎದುರಾದ ಗಂಡ, ಅದೇನು ತೋರಿಸು ಎನ್ನುತ್ತಾನೆ. ಬಟ್ಟೆ ಸರಿಸಿದರೆ ಅಲ್ಲಿ ರೊಟ್ಟಿಯಿಲ್ಲ, ಅರಳಿದ ಗುಲಾಬಿಗಳಿವೆ!

ಯೂರೋಪಿನ ಚರ್ಚುಗಳ ಗೋಡೆಗಳ ಮೇಲೆ, ಗಾಜಿನ ಕಿಟಕಿಗಳ ಮೇಲೆ ಮತ್ತೆ ಮತ್ತೆ ಕಾಣಸಿಗುವ ಈ ದೃಶ್ಯದ ನಾಯಕಿ ಹಂಗೆರಿಯ ಸಂತ ಎಲಿಜಬೆತ್. ಕ್ಯಾಥೊಲಿಕ್ ಲೋಕದ ಅತ್ಯಂತ ಜನಪ್ರಿಯ ಸಂತರಲ್ಲಿ ಅವಳೂ ಒಬ್ಬಳು. ಆದರೆ ಅವಳನ್ನು ಹತ್ತಿರದಿಂದ ಕಂಡವರು ಕೊಟ್ಟ ಹೇಳಿಕೆಗಳಲ್ಲಿ ಈ ಪವಾಡದ ಸುದ್ದಿಯೇ ಇಲ್ಲ. ಅಲ್ಲಿರುವುದು ಬೇರೆಯೇ ಒಂದು ಸಂಗತಿ. ಪವಾಡಕ್ಕಿಂತ ಅದು ಸರಳ. ಆದರೆ ಅರಗಿಸಿಕೊಳ್ಳಲು ಹೆಚ್ಚು ಕಷ್ಟ.

ಎಲಿಜಬೆತ್ ಹುಟ್ಟಿದ್ದು 1207ರಲ್ಲಿ. ತಂದೆ ಹಂಗೆರಿಯ ದೊರೆ ಎರಡನೆಯ ಆಂಡ್ರ್ಯೂ. ಅಂದಿನ ಅರಸುಮನೆತನಗಳಲ್ಲಿ ಹೆಣ್ಣುಮಕ್ಕಳ ಮದುವೆಯೆಂದರೆ ಎರಡು ರಾಜ್ಯಗಳ ನಡುವಿನ ಒಪ್ಪಂದ. ನಾಲ್ಕು ವರ್ಷದ ಎಲಿಜಬೆತ್‌ಳನ್ನು 1211ರಲ್ಲಿ ಜರ್ಮನಿಯ ತುರಿಂಜಿಯಾ ಸಂಸ್ಥಾನಕ್ಕೆ ಕಳುಹಿಸಲಾಯಿತು. ಮುಂದೆ ಸೊಸೆಯಾಗಬೇಕಾದ ಮನೆಯಲ್ಲೇ ಆಕೆ ಮಗಳಂತೆ ಬೆಳೆಯಬೇಕಾಗಿತ್ತು. ಎರಡು ವರ್ಷಗಳ ಅನಂತರ ಅತ್ತ ಹಂಗೆರಿಯಲ್ಲಿ ತಾಯಿ ಗೆರ್‌ಟ್ರೂಡ್‌ಳ ಕೊಲೆಯಾಯಿತು.

1221ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತುರಿಂಜಿಯಾದ ಅರಸು ನಾಲ್ಕನೆಯ ಲುಡ್‌ವಿಗ್‌ನೊಂದಿಗೆ ಅವಳ ಮದುವೆಯಾಯಿತು. ಒಪ್ಪಂದವಾಗಿ ಆರಂಭವಾದ ಸಂಬಂಧ ಗಾಢ ಪ್ರೀತಿಯಾಗಿ ಬೆಳೆಯಿತು. ಗುಲಾಬಿಯ ಕಥೆಯಲ್ಲಿ ಅನುಮಾನದಿಂದ ಅಡ್ಡಗಟ್ಟುವ ಗಂಡ ಬರುತ್ತಾನಷ್ಟೆ. ನಿಜವಾದ ಲುಡ್‌ವಿಗ್ ಹಾಗಿರಲಿಲ್ಲ. ಹೆಂಡತಿಯ ದಾನಧರ್ಮಕ್ಕೆ ಅವನೇ ಬೆಂಬಲವಾಗಿದ್ದ.

ಅದೇ ಕಾಲಕ್ಕೆ, ಇಟಲಿಯ ಅಸಿಸಿಯ ಫ್ರಾನ್ಸಿಸ್ ಆರಂಭಿಸಿದ್ದ ಬಡತನದ ವ್ರತ ಯೂರೋಪಿನಲ್ಲಿ ಹಬ್ಬತೊಡಗಿತ್ತು. ಅವನ ಶಿಷ್ಯರು ತುರಿಂಜಿಯಾಕ್ಕೂ ಬಂದರು. ವರ್ತಕನ ಮಗನೊಬ್ಬ ಎಲ್ಲವನ್ನೂ ಬಿಟ್ಟು ಬರಿಗಾಲಿನಲ್ಲಿ ನಡೆದ ಕಥೆ ಈ ಅರಸಿಯ ಮನಸ್ಸನ್ನು ಹಿಡಿದುಬಿಟ್ಟಿತು.

ಇಲ್ಲಿಂದ ಮುಂದಿನದು ಅವಳ ಸಖಿಯರ ಸಾಕ್ಷ್ಯ. ಎಲಿಜಬೆತ್ ತೀರಿಕೊಂಡ ಮೇಲೆ, ಆಕೆಗೆ ಸಂತ ಪದವಿ ನೀಡುವ ಮುನ್ನ ಚರ್ಚು ವಿಚಾರಣೆ ನಡೆಸಿತು. ಅವಳೊಂದಿಗೆ ಬಾಳಿದ ನಾಲ್ವರು ಹೆಂಗಸರ ಹೇಳಿಕೆಗಳು ದಾಖಲಾದವು. ಅವರಲ್ಲಿ ಗೂಡಾ ಎಂಬವಳು ಬಾಲ್ಯದ ಒಡನಾಡಿ. ಇಸೆನ್‌ಟ್ರೂಡ್ ಅರಮನೆಯ ಸಖಿ. ಆ ಹೇಳಿಕೆಗಳು ಇಂದಿಗೂ ಉಳಿದಿವೆ.

ಅದರ ಪ್ರಕಾರ ಎಲಿಜಬೆತ್ ಊಟಕ್ಕೆ ಕುಳಿತಾಗ ಒಂದು ಪ್ರಶ್ನೆ ಕೇಳುತ್ತಿದ್ದಳು: ಇದು ಎಲ್ಲಿಂದ ಬಂತು? ಗಂಡನ ಸ್ವಂತ ಹೊಲದ್ದೋ, ಅಧಿಕಾರಿಗಳು ರೈತರಿಂದ ಅನ್ಯಾಯವಾಗಿ ಕಿತ್ತು ತಂದದ್ದೋ? ಎರಡನೆಯದಾದರೆ ಅದನ್ನು ಮುಟ್ಟುತ್ತಿರಲಿಲ್ಲ. ಅತಿಥಿಗಳಿಗೆ ಗೊತ್ತಾಗದಂತೆ ಮುಂದಿನ ತುಣುಕುಗಳನ್ನು ಅತ್ತಿತ್ತ ಸರಿಸುತ್ತ, ತುಂಬಿದ ಪಂಕ್ತಿಯಲ್ಲಿ ಹಸಿದು ಏಳುತ್ತಿದ್ದಳು. ಅನ್ನ ಸರಿಯಾದದ್ದು, ಪಾನೀಯ ಅಲ್ಲ ಎಂದಾದರೆ ಆ ದಿನ ಬರಿಯ ಊಟ. ಎರಡೂ ನ್ಯಾಯವಾಗಿ ಬಂದವೆಂದು ತಿಳಿದಾಗ ಚಪ್ಪಾಳೆ ತಟ್ಟಿ ಸಂತೋಷಪಡುತ್ತಿದ್ದಳಂತೆ. ಅಂಥ ಊಟವನ್ನು ಮುಟ್ಟಕೂಡದೆಂಬ ವಿಧಿಯನ್ನು ಹಾಕಿದವನು ಅವಳ ಧರ್ಮಗುರು ಕಾನ್ರಾಡ್. ಪಾಲಿಸಿದವರು ಅವಳು ಮತ್ತು ಸಖಿಯರು. ಲುಡ್‌ವಿಗ್ ಅಡ್ಡಿ ಮಾಡಲಿಲ್ಲ.

ದಾನ ಮಾಡುವ ಅರಸಿಯರು ಮಧ್ಯಯುಗದಲ್ಲಿ ಅಪರೂಪವೇನಲ್ಲ. ತಾನು ದಾನ ಮಾಡುವ ಸಂಪತ್ತೇ ನ್ಯಾಯದ್ದೇ ಎಂದು ಕೇಳಿದವರು ಅಪರೂಪ. ಎಲಿಜಬೆತ್ ತಟ್ಟೆಯ ಮುಂದೆ ಕುಳಿತು ಪ್ರಶ್ನಿಸುತ್ತಿದ್ದುದು ಅರಸೊತ್ತಿಗೆ ನಿಂತಿದ್ದ ನೆಲೆಯನ್ನೇ.

1226ರಲ್ಲಿ ಬರಗಾಲ ಬಂತು. ಲುಡ್‌ವಿಗ್ ಚಕ್ರವರ್ತಿಯ ಸಭೆಗಾಗಿ ಇಟಲಿಗೆ ಹೋಗಿದ್ದ. ಹತ್ತೊಂಬತ್ತರ ಎಲಿಜಬೆತ್ ಕಣಜಗಳ ಬಾಗಿಲು ತೆರೆಸಿದಳು. ವಾರ್ಟ್‌ಬುರ್ಗ್ ಕೋಟೆಯ ಏರನ್ನು ಹತ್ತಲಾರದ ರೋಗಿಗಳಿಗಾಗಿ ಬೆಟ್ಟದ ಕೆಳಗೆ ಒಂದು ಆಸ್ಪತ್ರೆ ತೆರೆದಳು. ಸುಗ್ಗಿ ಬಂದಾಗ ಗಟ್ಟಿಮುಟ್ಟಾದವರಿಗೆ ಅಂಗಿ, ಕುಡುಗೋಲು ಹಾಗೂ ಕೊಯ್ದ ಪೈರಿನ ಕೂಳೆ ಚುಚ್ಚದಿರಲೆಂದು ಪಾದರಕ್ಷೆ ಕೊಟ್ಟು ಹೊಲಕ್ಕೆ ಕಳುಹಿಸಿದಳು. ದುಡಿದು ಉಣ್ಣುವ ದಾರಿಯನ್ನೂ ಅವಳು ಯೋಚಿಸಿದ್ದಳು. ಲುಡ್‌ವಿಗ್ ಹಿಂದಿರುಗಿದಾಗ ಅಧಿಕಾರಿಗಳು ದೂರಿದರು. ಅವನು ಹೆಂಡತಿಯ ಪರವಾಗಿಯೇ ನಿಂತ.

1227ರ ಸೆಪ್ಟೆಂಬರಿನಲ್ಲಿ ಶಿಲುಬೆ ಯುದ್ಧಕ್ಕೆ ಹೊರಟ ಲುಡ್‌ವಿಗ್ ಇಟಲಿಯ ಒಟ್ರಾಂಟೊದಲ್ಲಿ ಜ್ವರದಿಂದ ಸತ್ತ. ಇಪ್ಪತ್ತರ ಎಲಿಜಬೆತ್ ಆಗ ಮೂರನೆಯ ಮಗುವಿನ ಬಸುರಿ. ಅಧಿಕಾರ ಮೈದುನ ಹೈನ್‌ರಿಶ್‌ನ ಕೈಗೆ ಹೋಯಿತು. ಆ ಚಳಿಗಾಲದಲ್ಲಿ ಅವಳು ಕೋಟೆ ಬಿಟ್ಟು ಹೊರಬಂದಳು. ಹೊರದಬ್ಬಲಾಯಿತು ಎಂಬುದು ಸಖಿಯರ ಹೇಳಿಕೆ. ಮೈದುನನ ಆಡಳಿತದಲ್ಲಿ ಊಟದ ವ್ರತ ನಡೆಸಲಾಗದೆ ತಾನೇ ಹೊರಟಳೆಂಬುದು ಕೆಲವು ಇತಿಹಾಸಕಾರರ ವಾದ. ಕೆಳಗಿನ ಐಸೆನಾಕ್ ಊರಿನಲ್ಲಿ ಮೊದಲ ರಾತ್ರಿ ಅವಳಿಗೆ ಸಿಕ್ಕಿದ್ದು ಹಂದಿಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆ. ನಡುರಾತ್ರಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಬಳಿ ಹೋಗಿ, ದೇವರಿಗೆ ಕೃತಜ್ಞತೆಯ ಗೀತೆ ಹಾಡಿರೆಂದು ಬೇಡಿಕೊಂಡಳಂತೆ.

ಬಿಷಪ್ ಆಗಿದ್ದ ಸೋದರಮಾವ ಮರುಮದುವೆಗೆ ಒತ್ತಾಯಿಸಿದ. ಬಲವಂತ ಮಾಡಿದರೆ ಯಾರೂ ಒಪ್ಪದಂತೆ ನನ್ನ ಮೂಗನ್ನೇ ಕೊಯ್ದುಕೊಳ್ಳುತ್ತೇನೆ ಎಂಬುದು ಅವಳ ಉತ್ತರವಾಗಿತ್ತು. ಕೊನೆಗೆ ವಿಧವೆಯ ಪಾಲಿನ ಹಣ ಕೈಗೆ ಬಂದಾಗ, 1228ರಲ್ಲಿ ಮಾರ್‌ಬುರ್ಗ್ ಪಟ್ಟಣದಲ್ಲಿ ಫ್ರಾನ್ಸಿಸ್‌ನ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸಿದಳು. ಒರಟು ಬಟ್ಟೆ ತೊಟ್ಟು ರೋಗಿಗಳ ಹುಣ್ಣು ತೊಳೆದಳು, ಪಾತ್ರೆ ಬೆಳಗಿದಳು.

ಈ ಬದುಕಿಗೆ ಕತ್ತಲ ಮುಖವೂ ಇದೆ. ಕಾನ್ರಾಡ್ ಪಾಷಂಡಿಗಳೆಂದು ಹಣೆಪಟ್ಟಿ ಹಚ್ಚಿದವರನ್ನು ಬೇಟೆಯಾಡಿದ ಕಠೋರ ಮನುಷ್ಯ. ವಿಧೇಯತೆಯ ಹೆಸರಿನಲ್ಲಿ ಎಲಿಜಬೆತ್‌ಳನ್ನು ಹೊಡೆದ. ಬಾಲ್ಯದಿಂದ ಜೊತೆಗಿದ್ದ ಸಖಿಯರನ್ನು ದೂರ ಮಾಡಿದ. ಮಕ್ಕಳನ್ನೂ ಅವಳು ಬಿಟ್ಟುಕೊಟ್ಟಳು. ಕೊನೆಯ ಹಸುಗೂಸು ಕಾನ್ವೆಂಟಿನಲ್ಲಿ ಬೆಳೆಯಿತು. ಇದನ್ನೆಲ್ಲ ಭಕ್ತಿಯೆಂದು ಹೊಗಳುವುದು ಇಂದಿನ ಓದುಗನಿಗೆ ಸುಲಭವಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲವನ್ನೂ ಕೊಟ್ಟು ಮನೆಮನೆ ಭಿಕ್ಷೆ ಬೇಡಲು ಹೊರಟ ಅವಳನ್ನು ತಡೆದವನೂ ಅವನೇ. ಆಸ್ಪತ್ರೆಗೆ ಹಣ ಉಳಿದದ್ದು ಅದರಿಂದ.

1231ರ ನವೆಂಬರ್ 17ರಂದು ಎಲಿಜಬೆತ್ ತೀರಿಕೊಂಡಳು. ವಯಸ್ಸು 24. ನಾಲ್ಕೇ ವರ್ಷಗಳಲ್ಲಿ, 1235ರಲ್ಲಿ, ಪೋಪ್ ಒಂಬತ್ತನೆಯ ಗ್ರೆಗರಿ ಅವಳನ್ನು ಸಂತಳೆಂದು ಘೋಷಿಸಿದರು. ಮರುವರ್ಷ ಅವಳ ಪಾರ್ಥಿವ ಶರೀರವನ್ನು ಮೆರವಣಿಗೆಯಲ್ಲಿ ಒಯ್ದಾಗ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಸ್ವತಃ ಬಂದಿದ್ದ. ಅವಳ ಗೋರಿಯ ಮೇಲೆ ಎದ್ದ ಮಾರ್‌ಬುರ್ಗ್‌ನ ಚರ್ಚು ಜರ್ಮನಿಯ ಅತ್ಯಂತ ಹಳೆಯ ಗಾಥಿಕ್ ಕಟ್ಟಡಗಳಲ್ಲಿ ಒಂದು. ಕೊಟ್ಟಿಗೆಯಲ್ಲಿ ಮಲಗಿದ್ದವಳ ಎಲುಬುಗಳಿಗೆ ಚಿನ್ನದ ಮಂಟಪ ಸಿಕ್ಕಿತು.

ಮುಂದೆ ಮಾರ್ಟಿನ್ ಲೂಥರ್‌ನ ಸುಧಾರಣೆಯ ಕಾಲದಲ್ಲಿ ಅವಳದೇ ವಂಶದ ಹೆಸ್ಸೆಯ ಅರಸು ಫಿಲಿಪ್ ಸಂತಪೂಜೆಯನ್ನು ನಿಲ್ಲಿಸಲು 1539ರಲ್ಲಿ ಆ ಎಲುಬುಗಳನ್ನು ತೆಗೆಸಿಹಾಕಿದ. ಅದೇ ಫಿಲಿಪ್ ತನ್ನ ಸೀಮೆಯ ಹಾಯ್ನಾ ಮಠವನ್ನು 1533ರಲ್ಲಿ ಬಡ ರೋಗಿಗಳ ಆಸ್ಪತ್ರೆಯಾಗಿ ಮಾರ್ಪಡಿಸಿದ್ದ. ಅಜ್ಜಿಯ ಪೂಜೆಯನ್ನು ನಿರಾಕರಿಸಿದವನು ಅಜ್ಜಿಯ ಕೆಲಸವನ್ನು ಮುಂದುವರಿಸಿದನೆನ್ನಬಹುದು. ಜರ್ಮನಿ, ಹಂಗೆರಿಗಳಲ್ಲಿ ಇಂದಿಗೂ ಹಲವು ಆಸ್ಪತ್ರೆಗಳಿಗೆ ಅವಳ ಹೆಸರಿದೆ.

ಗುಲಾಬಿಯ ಕಥೆ ಅವಳ ಸಂಬಂಧಿ ಪೋರ್ಚುಗಲ್‌ನ ರಾಣಿ ಎಲಿಜಬೆತ್‌ಳ ಹೆಸರಿನಲ್ಲೂ ಪ್ರಚಲಿತವಾಗಿದೆ. ಜನರಿಗೆ ಅದು ಪ್ರಿಯವಾದದ್ದು ಸಹಜ. ಅದರಲ್ಲಿ ರೊಟ್ಟಿ ಹೂವಾಗುತ್ತದೆ, ಯಾರಿಗೂ ಇರುಸುಮುರುಸಿಲ್ಲ. ಸಖಿಯರು ಹೇಳಿದ ಕಥೆಯಲ್ಲಿ ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ. ಅದನ್ನು ಬೆಳೆದವನಿಗೆ ಸಲ್ಲಬೇಕಾದದ್ದು ಸಂದಿತೇ ಎಂದು ಉಣ್ಣುವವರು ಕೇಳಿಕೊಳ್ಳಬೇಕಾಗುತ್ತದೆ. ಎಂಟುನೂರು ವರ್ಷಗಳ ಮೇಲೂ ಆ ಪ್ರಶ್ನೆ ಹಳತಾಗಿಲ್ಲ.